ಹನ್ನೆರಡು ನೂರು ಮೀಟರಿನ ಕುದುರೆ

ಚಳ್ಳಕೆರೆಯಿಂದ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಹಿಂದಿನ ಸಂಜೆ ದೇವಸಮುದ್ರದಿಂದ ಪಾಲಯ್ಯ ಫೋನ್ ಮಾಡಿದ್ದರು. ಅವರು ಬೆಂಗಳೂರಿನ ಲಾಯವೊಂದರಲ್ಲಿ ರೇಸ್ ಕುದುರೆ ನೋಡಿಕೊಳ್ಳುತ್ತಿದ್ದವರು. ನಾನು ಪತ್ರಿಕೆಗೆ ರೇಸ್ ವರದಿ ಬರೆಯುತ್ತಿದ್ದ ಕಾಲದ ಪರಿಚಯ. ಓಟ ನಿಲ್ಲಿಸಿದ ಹೆಣ್ಣು ಕುದುರೆಯೊಂದನ್ನು ಊರಿಗೆ ತಂದು, ಮದುವೆ ಮೆರವಣಿಗೆಗಳಿಗೆ ಕೊಡುತ್ತಿದ್ದರು. ಈಗ ಅದರ ಮುಂಗಾಲಿಗೆ ಪೆಟ್ಟಾಗಿತ್ತು. ಮುದಿ ಕುದುರೆಗಳನ್ನು ಸಾಕುವ ತೋಟವೊಂದರಲ್ಲಿ ವಿಚಾರಿಸಿದೆ. ಗಾಡಿಯಲ್ಲಿ ನಿಂತು ಬರಬಲ್ಲದು ಎಂದು ಪಶುವೈದ್ಯರು ಹೇಳಿದರೆ ಕಳುಹಿಸಿ ಎಂದರು ತೋಟದವರು. ಆ ಮಾತು ಹೊತ್ತು ಹೊರಟಿದ್ದೆ.

ಬಸ್ಸಿನಲ್ಲಿ ಈರುಳ್ಳಿ ಚೀಲಗಳು, ಕಿಟಕಿಯಲ್ಲಿ ಬಿಸಿಗಾಳಿ. ಪಕ್ಕದಲ್ಲಿದ್ದ ಕುರಿ ವ್ಯಾಪಾರಿ ನನ್ನ ಪ್ರಯಾಣದ ಕಾರಣ ಕೇಳಿ, ಕುದುರೆ ಓಟದಲ್ಲಿ ಬೇರೆ ಬೇರೆ ಅಂತ ಏನಿದೆ, ಎಲ್ಲವೂ ಓಡುವುದೇ ತಾನೆ ಎಂದರು. ಒಮ್ಮೆಯೂ ಗೆಲ್ಲದ ಕುದುರೆಗಳಿಗೆ ಮೇಡನ್ ಓಟ ಇರುತ್ತದೆ ಎಂದೆ. ಡರ್ಬಿಯಲ್ಲಿ ಒಂದೇ ವಯಸ್ಸಿನವು ಎರಡು ಸಾವಿರದ ನಾನೂರು ಮೀಟರ್ ಓಡುತ್ತವೆ. ಗಿಡ್ಡ ಓಟದ ಕುದುರೆಗಳು ಹನ್ನೆರಡು ನೂರಕ್ಕೆ ಮುಗಿಸುತ್ತವೆ. ಹ್ಯಾಂಡಿಕ್ಯಾಪ್ ಎಂಬ ಓಟದಲ್ಲಾದರೆ, ಚೆನ್ನಾಗಿ ಓಡುವ ಕುದುರೆಯ ಬೆನ್ನಿಗೆ ಹೆಚ್ಚು ಭಾರ ಕಟ್ಟುತ್ತಾರೆ.

"ನಮ್ ಮನ್ಯಾಗೂ ಅಂಗೇ ಬಿಡ್ರಿ," ಎಂದರು ಆತ. "ದುಡಿಯೋನ ಮ್ಯಾಲೇ ಮೂಟೆ."

ಪಾಲಯ್ಯನವರ ಕುದುರೆ ಗೆದ್ದದ್ದು ಒಂದೇ ಮೇಡನ್, ಹನ್ನೆರಡು ನೂರು ಮೀಟರಿನದು. ಆಮೇಲೆ ಹ್ಯಾಂಡಿಕ್ಯಾಪ್‌ಗಳಲ್ಲಿ ಸೋಲುತ್ತಲೇ ಹೋಯಿತು.

ಮೊಳಕಾಲ್ಮೂರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಬಸ್ಸು ಬದಲಿಸಿದೆ. ದೇವಸಮುದ್ರದಲ್ಲಿ ಇಳಿದಾಗ ಕುದುರೆ ಪಾಲಯ್ಯನವರ ಮನೆ ಮುಂದಿನ ತಗಡಿನ ಚಪ್ಪರದಡಿ ಮಲಗಿತ್ತು. ಪಾಲಯ್ಯ ಅದರ ತಲೆಯ ಬಳಿ ಕುಳಿತಿದ್ದರು. ಅವರ ಹೆಂಡತಿ ತಿಪ್ಪಕ್ಕ ಒದ್ದೆ ಗೋಣಿಯಿಂದ ಕಾಲು ಒರೆಸುತ್ತಿದ್ದರು.

ನಡೆದದ್ದನ್ನು ಪಾಲಯ್ಯ ಹೇಳಿದರು. ಮೆರವಣಿಗೆಗೆ ಸಿಂಗರಿಸಿ ನಿಲ್ಲಿಸಿದ್ದರು, ಮದುಮಗ ಇನ್ನೂ ಹತ್ತಿರಲಿಲ್ಲ. ಎದುರು ಅಂಗಡಿಯ ಬಸಣ್ಣ ಷಟರ್ ಎತ್ತಿದರು. ರೇಸಿನಲ್ಲಿ ಕಬ್ಬಿಣದ ಗೇಟು ಧಡಾರನೆ ತೆರೆದರೆ ಓಡಬೇಕು. ಕುದುರೆ ಕಲಿತ ಪಾಠ ಅದು. ಡಾಂಬರು ರಸ್ತೆಯಲ್ಲಿ ಕೆರೆ ಏರಿಯವರೆಗೆ ಓಡಿತು. ಆ ಗಟ್ಟಿ ನೆಲಕ್ಕೆ ಬಡಿದು ಮುಂಗಾಲಿಗೆ ಪೆಟ್ಟಾಯಿತು.

"ಡರ್ಬಿ ಕುದುರೆ ಆಗಿದ್ರೆ ರಾಯದುರ್ಗ ಮುಟ್ತಿತ್ತು," ಎಂದರು. "ಇದು ಹನ್ನೆರಡು ನೂರರದ್ದು. ಅಷ್ಟು ಓಡಿ ತಾನೇ ನಿಂತ್ಕಂತು."

"ಗೆದ್ದೆ ಅಂದ್ಕಂಡೈತೆ," ಎಂದರು ತಿಪ್ಪಕ್ಕ, ತಲೆ ಎತ್ತದೆ. "ಮುಂದೆ ಯಾರೂ ಇರ್ಲಿಲ್ಲ ನೋಡ್ರಿ."

ಮಧ್ಯಾಹ್ನ ಪಶುವೈದ್ಯರು ಬಂದರು. ಕಾಲನ್ನು ಮುಟ್ಟಿ ನೋಡಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗೊರಸಿನ ಮೇಲಿನ ಮೂಳೆ ಪುಡಿಯಾಗಿತ್ತು. ಇನ್ನು ಏಳುವುದಿಲ್ಲ, ಉಳಿಸಿಕೊಂಡರೆ ನರಳಾಟ ಅಷ್ಟೇ, ಇವತ್ತೇ ಚುಚ್ಚುಮದ್ದು ಕೊಟ್ಟು ಮುಗಿಸುವುದು ಒಳ್ಳೆಯದು ಎಂದರು. ಪಾಲಯ್ಯ ನನ್ನ ಮುಖ ನೋಡಿದರು. ತೋಟದವರ ಷರತ್ತನ್ನು ಹೇಳಿದೆ. ಅವರು ತಲೆಯಾಡಿಸಿ, ಕುದುರೆಯ ಹಣೆಯ ಮೇಲೆ ಉಳಿದಿದ್ದ ಮದುವೆಯ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿದರು.

ಊಟ ಮುಗಿಸಿದ ಬಸಣ್ಣ ಅಂಗಡಿ ತೆರೆಯಲು ಬಂದರು. ಬೀಗ ತೆಗೆಯುವಾಗ ಷಟರ್ ಸ್ವಲ್ಪ ಅಲುಗಿತು. ಕುದುರೆಯ ಕಿವಿ ನೆಟ್ಟಗಾಯಿತು. ತಲೆ ಎತ್ತಿ, ಮುರಿದ ಕಾಲನ್ನು ನೆಲಕ್ಕೆ ಊರಲು ನೋಡಿತು.

ಪಾಲಯ್ಯ ರಸ್ತೆ ದಾಟಿ ಹೋದರು. "ಬಸಣ್ಣ, ಷಟರ್ ಎತ್ತಬ್ಯಾಡಪ್ಪ. ಸದ್ದಾದ್ರೆ ಏಳಾಕೆ ನೋಡ್ತೈತೆ."

ಬಸಣ್ಣ ಬೀಗ ಮತ್ತೆ ಹಾಕಿ, ಅಂಗಡಿಯ ಮೆಟ್ಟಿಲ ಮೇಲೆ ಕುಳಿತರು. ವೈದ್ಯರು ಚೀಲ ಬಿಚ್ಚಿದರು.

ಎಲ್ಲ ಮುಗಿದ ಮೇಲೆ ಸಂಜೆಯ ಬಸ್ಸು ಹತ್ತಿದೆ. ಹಿಂದಿನ ಕಿಟಕಿಯಿಂದ ನೋಡಿದೆ. ಹುಡುಗಿಯೊಬ್ಬಳು ಎಣ್ಣೆಗೆಂದು ಬಾಟಲಿ ಹಿಡಿದು ಬಂದಿದ್ದಳು. ಬಸಣ್ಣ ಕೈಯಾಡಿಸಿ ಅವಳನ್ನು ಹಿಂದಕ್ಕೆ ಕಳಿಸಿದರು. ಷಟರ್ ಇನ್ನೂ ಇಳಿದೇ ಇತ್ತು.