ಡಿಕ್ಕಿಯಲ್ಲಿದ್ದ ಹಾರ್ನ್

ಗಾಡಿಗೆ ನಿಂಬೆಹಣ್ಣು ಕಟ್ಟುವವರನ್ನು ಕಂಡರೆ ನಾನು ನಗುತ್ತಿದ್ದೆ. ಮೆಕ್ಯಾನಿಕಲ್ ಓದಿದವನು ನಾನು. ಯಂತ್ರದ ಪ್ರತಿ ರೋಗಕ್ಕೂ ಕಾರಣವಿರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿದವನು. ಈಗಲೂ ನಿಂಬೆಹಣ್ಣು ಕಟ್ಟುವುದಿಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ. ಓದಿದ ಮೇಲೆ ನಿಮಗೇನಾದರೂ ಹೊಳೆದರೆ ನೀವು ನನಗಿಂತ ಜಾಣರು.

ನಾನಿರುವುದು ಹೊಸಪೇಟೆಯಲ್ಲಿ, ಕೆಲಸ ಸಂಡೂರಿನ ಕಡೆ. ಅದಿರಿನ ಲಾರಿಗಳ ಹಿಂದೆ ಓಡಾಡುವ ಕಾರು ಯಾವ ಬಣ್ಣದ್ದಾದರೂ ಬೇಗ ಕೆಂಪಾಗುತ್ತದೆ. ಆ ಧೂಳು ರೇಡಿಯೇಟರಿನ ಸಂದಿಗಳಲ್ಲಿ ಕೂರಬಾರದೆಂದು ಕೆಲವರು ಮುಂದಿನ ಜಾಲರಿಯ ಒಳಗೆ ಹಳೆಯ ಸೊಳ್ಳೆಪರದೆ ಕಟ್ಟುತ್ತಾರೆ. ನಾನೂ ಕಟ್ಟಿದ್ದೆ, ಒಂದು ಪದರ ಸಾಲದೆಂದು ಎರಡು ಪದರ. ಅದೇ ಧೂಳು ತಿಂದು ಹಾರ್ನ್ ಕೂಡ ಕೆಟ್ಟಿತ್ತು. ಪರದೆ ಕಟ್ಟುವಾಗ ಅದನ್ನೂ ಬಿಚ್ಚಿ, ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದೆ. ಹೊಸದು ಹಾಕಿಸುವುದನ್ನು ಇವತ್ತು ನಾಳೆ ಎಂದು ಮುಂದೂಡುತ್ತ ಹಾಗೇ ಓಡಾಡುತ್ತಿದ್ದೆ.

ಆ ಭಾನುವಾರ ಸಂಡೂರಿನಲ್ಲಿ ನೆಂಟರ ಮಗುವಿಗೆ ಹೆಸರಿಡುವ ಕಾರ್ಯ. ಊಟ ಮುಗಿದ ಮೇಲೆ ಅಕ್ಕ ಅಲ್ಲೇ ಉಳಿದಳು. ಅವಳ ಗಂಡ ಶಿವಣ್ಣನಿಗೆ ಮಾತ್ರ ಅವಸರ. ಕಂಪ್ಲಿಯಲ್ಲಿ ಅವರದೊಂದು ಅಕ್ಕಿ ಗಿರಣಿ. "ಲೇ, ಜಲ್ದಿ ಹೊಡಿ. ಭತ್ತದ ಲಾರಿ ಬಂದು ನಿಂತಿರ್ತೈತಿ," ಎನ್ನುತ್ತ ಭಾವ ನನ್ನ ಪಕ್ಕ ಕುಳಿತರು.

ಬೆಳಿಗ್ಗೆ ನಾಲ್ಕು ಹನಿ ಬಿದ್ದು ರಸ್ತೆಯೆಲ್ಲ ಕೆಂಪು ರಾಡಿಯಾಗಿತ್ತು. ಗುಡ್ಡದ ಏರಿನ ನಡುವೆ ಬಿಸಿ ತೋರಿಸುವ ಮುಳ್ಳು ಮೇಲೇರಿ ಕೆಂಪು ಗೆರೆ ಮುಟ್ಟಿತು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ. ಹಬೆ. ಬೆಲ್ಟ್ ನೋಡಿದೆ, ಬಿಗಿಯಾಗಿಯೇ ಇತ್ತು. ರಬ್ಬರ್ ಕೊಳವೆಗಳು ಎಲ್ಲೂ ಸೋರುತ್ತಿರಲಿಲ್ಲ. ಫ್ಯಾನ್ ತಿರುಗುತ್ತಿತ್ತು.

"ಏನ್ ರೋಗರಿ ಡಾಕ್ಟ್ರೇ? ನಾಡಿ ಸಿಗವಲ್ದೇನು?" ಎಂದರು ಭಾವ.

"ಥರ್ಮೋಸ್ಟಾಟ್ ಹಿಡ್ಕೊಂಡೈತಿ ಅನ್ನಿಸ್ತೈತಿ," ಎಂದೆ. ನಾನೇ ಕಟ್ಟಿದ ಪರದೆಯ ಕಡೆ ನನ್ನ ಕಣ್ಣು ಹೋಗಲೇ ಇಲ್ಲ.

ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿ ನೋಡಿದರೆ ಮುಳ್ಳು ಪೂರ್ತಿ ಕೆಳಗಿಳಿದಿತ್ತು. ನೀರು ಕುದ್ದು ಕಡಿಮೆಯಾದಾಗ, ಬಿಸಿ ಅಳೆಯುವ ಭಾಗಕ್ಕೆ ನೀರು ತಾಗದೆ, ಮುಳ್ಳು ಹೀಗೆ ಸುಳ್ಳು ಹೇಳುತ್ತದೆ. ಓದಿದ್ದ ಸಂಗತಿಯೇ. ಆ ಹೊತ್ತಿಗೆ ನೆನಪಾಗಲಿಲ್ಲ.

"ತಣ್ಣಗಾಗೈತಿ ಭಾವ. ಮುಚ್ಚಳ ತೆಗೀರಿ, ನಾ ನೀರು ತರ್ತೀನಿ," ಎಂದೆ.

"ಖರೇನಾ?"

"ತೆಗೀರಿ, ಏನೂ ಆಗಂಗಿಲ್ಲ."

"ಕಾಲೇಜು ಕಲ್ತಾಂವ ಅಂದಮ್ಯಾಲೆ ಮುಗೀತು," ಎಂದು ನಗುತ್ತ ಅವರು ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಸುತ್ತಿ ರೇಡಿಯೇಟರಿನ ಮೇಲೆ ಬಗ್ಗಿದರು. ನಾನು ಕಾರಿನ ಹಿಂದಕ್ಕೆ ನಡೆದೆ.

ಆಗ ಹಾರ್ನ್ ಕೂಗಿತು.

ನನ್ನ ಕಾರಿನದೇ ಹಾರ್ನ್. ಮೊದಲು ಸ್ವಲ್ಪ ಒಡೆದಂತಾಗಿ ಆಮೇಲೆ ತೆರೆದುಕೊಳ್ಳುವ ಆ ದನಿಯನ್ನು ಎಷ್ಟು ಗಾಡಿಗಳ ನಡುವೆಯೂ ಗುರುತಿಸಬಲ್ಲೆ. ಭಾವ ಬೆಚ್ಚಿ ನೆಟ್ಟಗೆ ನಿಂತು, "ಏ, ಯಾಕೋ..." ಎಂದು ಬೈಯಲು ನನ್ನ ಕಡೆ ಮುಖ ತಿರುಗಿಸಿದರು. ಅದೇ ಕ್ಷಣ, ಅರ್ಧ ತಿರುಗಿದ್ದ ಮುಚ್ಚಳ ಸಿಡಿಯಿತು. ಕುದಿಯುವ ನೀರು ಬಾನೆಟ್ಟಿಗೆ ಬಡಿದು ಚೆಲ್ಲಿತು. ಅವರ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಮುಖಕ್ಕೆ ಒಂದು ಹನಿಯೂ ಬೀಳಲಿಲ್ಲ.

ಕಾರಿನೊಳಗೆ ಯಾರೂ ಇರಲಿಲ್ಲ. ಬಾಗಿಲುಗಳು ಮುಚ್ಚಿದ್ದವು, ಕೀ ನನ್ನ ಮುಷ್ಟಿಯಲ್ಲಿತ್ತು. ಏರಿನಲ್ಲಾಗಲಿ ಇಳಿಜಾರಿನಲ್ಲಾಗಲಿ ಕಣ್ಣಿಗೆ ಬೀಳುವಷ್ಟು ದೂರ ಇನ್ನೊಂದು ಗಾಡಿಯಿರಲಿಲ್ಲ. ಭಾವ ನರಳುತ್ತಿದ್ದರು. ನೀರಿನ ಕ್ಯಾನಿಗಾಗಿ ಡಿಕ್ಕಿ ತೆರೆದೆ. ಕ್ಯಾನಿನ ಪಕ್ಕದಲ್ಲೇ, ಪೇಪರ್ ಹರಿದು, ಹಾರ್ನ್ ಇಣುಕುತ್ತಿತ್ತು. ತಂತಿ ಸಿಕ್ಕಿಸುವ ಅದರ ಕಡ್ಡಿಗಳಿಗೆ ಯಾವ ತಂತಿಯೂ ತಾಗಿರಲಿಲ್ಲ. ನೋಡುತ್ತ ನಿಲ್ಲಲು ಸಮಯವಿರಲಿಲ್ಲ. ಕ್ಯಾನ್ ಎತ್ತಿಕೊಂಡು ಓಡಿ ಅವರ ಕೈಮೇಲೆ ಸುರಿದೆ. ಆಮೇಲೆ ಬಂದ ಬಸ್ಸಿನಲ್ಲಿ ಹೊಸಪೇಟೆಯ ಆಸ್ಪತ್ರೆಗೆ ಹೋದೆವು.

ಕಾರು ಬಿಸಿಯಾದ ಕಾರಣ ಮರುದಿನವೇ ಸಿಕ್ಕಿತು. ಎರಡು ಪದರದ ಪರದೆಯಲ್ಲಿ ಕೆಂಪು ಧೂಳು ನೆನೆದು, ಒಣಗಿ, ಗೋಡೆಗೆ ಗಿಲಾವು ಮಾಡಿದಂತೆ ಗಟ್ಟಿಯಾಗಿತ್ತು. ರೇಡಿಯೇಟರಿಗೆ ಗಾಳಿಯೇ ತಾಗುತ್ತಿರಲಿಲ್ಲ. ಬಿಚ್ಚಿ ಎಸೆದೆ, ಅಷ್ಟೇ ರಿಪೇರಿ. ಆದರೆ ಆ ಹಾರ್ನಿನ ಕಾರಣ ಸಿಗಲಿಲ್ಲ. ತಂತಿ ತಂತಿಗೆ ತಾಗಿತೇನೋ ಎಂದರೆ, ಕೂಗುವುದಕ್ಕೆ ಅಲ್ಲಿ ಹಾರ್ನೇ ಇರಲಿಲ್ಲ. ಎಲ್ಲೋ ದೂರದ ಗಾಡಿಯ ಸದ್ದು ಗುಡ್ಡಕ್ಕೆ ಬಡಿದು ಬಂದಿರಬಹುದೇ? ಇರಬಹುದು. ಆದರೆ ಭಾವ, "ನನ್ನ ಗದ್ದದ ಬುಡಕ್ಕ ಕೂಗಿತು," ಎನ್ನುತ್ತಾರೆ. ಹಳೆಯ ಹಾರ್ನನ್ನು ಬ್ಯಾಟರಿಗೆ ಹಿಡಿದು ನೋಡಿದೆ. ಅದು ಮಿಸುಕಲಿಲ್ಲ.

ನನ್ನನ್ನು ಕಾಡುವುದು ಇದಕ್ಕಿಂತ ಬೇರೆಯೇ. ಗಿರಣಿಗೆ ಯಾರೇ ಬಂದರೂ ಭಾವ ನನ್ನನ್ನು ತೋರಿಸಿ, "ಇವಾ ಆ ಹೊತ್ತಿಗೆ ಹಾರ್ನ್ ಹೊಡಿಲಿಲ್ಲಂದ್ರ ನನ್ನ ಕಣ್ಣು ಹೋಗಿಬಿಡ್ತಿದ್ವು ನೋಡ್ರಿ," ಎನ್ನುತ್ತಾರೆ. ಆಸ್ಪತ್ರೆಯಲ್ಲೇ ಅವರಿಗೆ ಎಲ್ಲ ಹೇಳಿದ್ದೆ. ಹಾರ್ನ್ ಹೊಡೆದವನು ನಾನಲ್ಲ, ಮುಚ್ಚಳ ತೆಗೀರಿ ಅಂದವನು ನಾನು, ಪರದೆ ಕಟ್ಟಿದವನೂ ನಾನೇ ಎಂದೆ. ಬಿಚ್ಚಿದ ಹಾರ್ನನ್ನೂ ತಂದು ತೋರಿಸಿದೆ. ಅವರು ನಕ್ಕುಬಿಟ್ಟರು. "ಹಂಗಾದ್ರ ಯಾರ್ ಹೊಡೆದ್ರಲೇ? ನಿಂಗ ಹೊಗಳಿಸ್ಕೊಳ್ಳಾಕ ನಾಚಿಕಿ, ಅಷ್ಟ."

ಹೋದ ಹಬ್ಬಕ್ಕೆ ಕಂಪ್ಲಿಗೆ ಹೋಗಿದ್ದೆ. ಅಕ್ಕ ನನ್ನ ಎಲೆಗೆ ಹೋಳಿಗೆ ಹಾಕಿದಳು. ತುಪ್ಪ ಬಡಿಸಲು ಭಾವ ತಾವೇ ಬಂದರು. ಚಮಚ ಹಿಡಿದ ಆ ಬಲಗೈಯ ಚರ್ಮ ಮೊಣಕೈವರೆಗೂ ಬಿಳಿಚಿ ಸುಕ್ಕುಗಟ್ಟಿದೆ. "ಸಾಕು ಭಾವ, ಬ್ಯಾಡ್ರಿ," ಎಂದೆ. "ತಿನ್ನಲೇ, ನನ್ನ ಕಣ್ಣು ಕಾಯ್ದಾಂವ ನೀನು," ಎಂದು ಅವರು ಇನ್ನೊಂದು ಚಮಚ ಸುರಿದರು.

ಅಂದು ಕೂಗಿದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. "ತೆಗೀರಿ, ಏನೂ ಆಗಂಗಿಲ್ಲ," ಎಂದ ದನಿ ಯಾರದೆಂಬುದು ಗೊತ್ತು. ತಲೆ ತಗ್ಗಿಸಿ ಹೋಳಿಗೆ ತಿಂದೆ.