ಹುಲ್ಲಿನ ಅಂಜನಮ್ಮನೂ ಕೆಂಚನ ಅಂಗಾಲೂ

ಮಲ್ಲತ್ತಹಳ್ಳಿಯ ಅಂಜನಮ್ಮ ನೆಮ್ಮದಿಯಾಗಿ ಕೂತಿದ್ದನ್ನು ಕಂಡವರು ಕಡಿಮೆ. ಮುದ್ದೆ ಉಣ್ಣುವಾಗಲೂ ಒಂದು ಮಂಡಿ ಮೇಲೆತ್ತಿ, ಯಾರೋ ಕರೆದರೆ ಎದ್ದು ಓಡುವವಳ ಹಾಗೆ ಕೂರುತ್ತಿದ್ದಳು. ಬೆಳಕು ಹರಿಯುವ ಹೊತ್ತಿಗೆ ಕೆರೆಯಂಚಿನಲ್ಲಿ ಹಸಿ ಹುಲ್ಲು ಕೊಯ್ದು, ಹೊರೆ ಕಟ್ಟಿ ತಲೆಗೇರಿಸಿ, ಸುಂಕದಕಟ್ಟೆ ಹತ್ತಿರ ಮಾಗಡಿ ರಸ್ತೆ ಸೇರುವಳು. ಅಲ್ಲಿಂದ ಟೋಲ್‌ಗೇಟಿನ ಜಟಕಾ ಸ್ಟ್ಯಾಂಡು. ಕುದುರೆಗಳ ಮುಂದೆ ಹುಲ್ಲು ಇಳಿಸಿ, ಒಂದು ಲೋಟ ನೀರು ಕುಡಿದು, ಮತ್ತೆ ಅದೇ ದಾರಿ. ಮಗ ವೆಂಕಟರಮಣಪ್ಪನಿಗೆ ಬಟ್ಟೆ ಗಿರಣಿಯಲ್ಲಿ ಕೆಲಸ ಸಿಕ್ಕ ಮೇಲೆ ಹೊರೆ ಹೊರಲೇಬೇಕೆಂಬ ಕಷ್ಟವೇನೂ ಇರಲಿಲ್ಲ.

“ಸಾಕು ಬಿಡವ್ವ, ಮನೇಲಿರು” ಎಂದು ಅವನು ಹೇಳುತ್ತಲೇ ಇದ್ದ.

“ಮನೇಲಿದ್ದು ಏನ್ ಮಾಡ್ಲಿ? ಗೋಡೆ ನೋಡ್ಕೊಂಡು ಕೂರ್ಲಾ?”

ಗೋಡೆ ನೋಡುತ್ತ ಕೂರುವುದು ಅವಳಿಗೆ ತಿಳಿಯದ್ದಲ್ಲ. ಗಂಡ ನಂಜುಂಡಪ್ಪನಿಗೆ ಲಕ್ವ ಹೊಡೆದು, ಅವನು ನಡುಮನೆಯ ಚಾಪೆ ಹಿಡಿದ ಮೇಲೆ ಎರಡು ಮಳೆಗಾಲ ಪಕ್ಕದಲ್ಲೇ ಕೂತು ಗಂಜಿ ಕುಡಿಸಿದ್ದಳು. ತಿಥಿ ಮುಗಿದ ಮಾರನೆಯ ದಿನ ಕುಡುಗೋಲು ಹಿಡಿದು ಕೆರೆಗೆ ಇಳಿದವಳು ಆಮೇಲೆ ನಿಂತಿರಲಿಲ್ಲ. ಕೂತರೆ ಸಾಕು, ಆ ಚಾಪೆಯ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಅಡರುತ್ತಿತ್ತು.

ಅವಳಿಗೆ ತಕ್ಕ ನಾಯಿ ಕೆಂಚ. ಇಟ್ಟಿಗೆ ಬಣ್ಣ, ಸಣ್ಣ ಸೊಂಟ, ಉದ್ದ ಕಾಲು. ಅವಳು ಒಂದು ಮೈಲಿ ನಡೆದರೆ ಅದು ಮೂರು ಮೈಲಿ ಓಡುತ್ತಿತ್ತು. ಮುಂದೆ ಹೋಗಿ ಹಿಂದೆ ಬರುವುದು, ಬೇಲಿ ಹಾರುವುದು, ಓತಿಕ್ಯಾತವನ್ನು ಅಟ್ಟಿಸಿಕೊಂಡು ಹೋಗಿ ಬರಿಗೈಲಿ ಮರಳುವುದು. ತಲೆಯ ಮೇಲೆ ಹೊರೆಯಿದ್ದಾಗ ಅವಳಿಗೆ ಅತ್ತಿತ್ತ ತಿರುಗಿ ನೋಡಲಾಗದು. ಅದರ ಉಗುರಿನ ಸದ್ದೇ ಅವಳಿಗೆ ಜೊತೆ.

ಐವತ್ತೇಳನೇ ಇಸವಿಯಲ್ಲಿ ಮಾಗಡಿ ರಸ್ತೆಗೆ ಜಲ್ಲಿ ಬಿತ್ತು. ಸುಂಕದಕಟ್ಟೆಯಿಂದ ಟೋಲ್‌ಗೇಟಿನ ಕಡೆಗೆ ಉದ್ದಕ್ಕೂ ಚೂಪು ಕಲ್ಲು ಹರಡಿ, ರೋಲರ್ ಬರುವುದಕ್ಕೆ ಕಾಯುತ್ತಿದ್ದರು. ಮೊದಲ ವಾರವೇ ಕೆಂಚನ ಬಲ ಮುಂಗಾಲಿನ ಅಂಗಾಲು ಹರಿಯಿತು. ನಾಯಿಯ ಅಂಗಾಲಿನಲ್ಲಿ ಕಪ್ಪಗೆ, ಒರಟಾಗಿ ಉಬ್ಬಿದ ಮೆತ್ತೆಗಳಿರುತ್ತವಲ್ಲ, ಅದರಲ್ಲಿ ದೊಡ್ಡದು ಅಡ್ಡಕ್ಕೆ ಸೀಳಿತ್ತು. ಅಂಜನಮ್ಮ ಅರಿಶಿನ ಮೆತ್ತಿ, ಹಳೆ ಸೀರೆಯ ಚೂರು ಸುತ್ತಿದಳು. ನಾಲ್ಕಾರು ದಿನದಲ್ಲಿ ಸೀಳು ಮುಚ್ಚಿದ ಹಾಗೆ ಕಂಡಿತು. ಬಿಟ್ಟಳು. ಕೆಂಚ ಓಡಿತು. ಅದೇ ಜಾಗ ಮತ್ತೆ ಹರಿಯಿತು.

ಹೀಗೇ ನಡೆಯಿತು. ಕಟ್ಟುವುದು, ಮುಚ್ಚುವುದು, ಬಿಡುವುದು, ಹರಿಯುವುದು. ಅಂಗಾಲು ಒಣಗಿ ಒಡೆಯುತ್ತಿದೆ ಎಂದುಕೊಂಡು ದಿನಾ ಸಂಜೆ ಹರಳೆಣ್ಣೆ ತಿಕ್ಕಿದಳು. ಟಾರ್ಪಾಲಿನ ತುಂಡು ಹೊಲಿದು ಕಾಲಿಗೆ ಚೀಲ ಕಟ್ಟಿದಳು. ಕೆಂಚ ದಾರಿಯುದ್ದಕ್ಕೂ ಕಾಲು ಒದರುತ್ತ ಹೋಗಿ, ಚೀಲವನ್ನು ಯಾವುದೋ ಮೋರಿಯಲ್ಲಿ ಕಳೆದು ಬಂತು. ಕಟ್ಟಿಹಾಕಿ ಹೋದರೆ ಹಗ್ಗ ಕಡಿದುಕೊಂಡು, ಕುಂಟುತ್ತಲೇ ಹಿಂದೆ ಓಡಿಬರುತ್ತಿತ್ತು.

“ಅತ್ತೆ, ನೀವು ನಾಲ್ಕು ದಿನ ಹೋಗ್ದಿದ್ರೆ ಅದೂ ಹೋಗಲ್ಲ” ಎಂದಳು ಸೊಸೆ ಮುನಿತಾಯಮ್ಮ.

“ಕುದುರೆಗಳು ಉಪವಾಸ ಇರ್ತವಾ?”

“ಹುಲ್ಲು ಮಾರೋರು ನೀವೊಬ್ಬರೇನಾ?”

ಅಂಜನಮ್ಮ ಆಗಲೇ ಕುಡುಗೋಲು ಹಿಡಿದು ಹೊರಟಿದ್ದಳು.

ಬೇಸಿಗೆ ನಡುವಿಗೆ ಜಲ್ಲಿಯ ಮೇಲೆ ಡಾಂಬರು ಸುರಿದರು. ಆ ದಿನ ಅವಳಿಗೆ ಕೆರೆಯಲ್ಲೇ ತಡವಾಗಿ, ರಸ್ತೆ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೆಂಚ ಕರಗಿದ ಡಾಂಬರಿನ ಮೇಲೆ ಕಾಲಿಟ್ಟು ಕುಂಯ್ ಎಂದು ಕಿರುಚಿತು. ಬಿಡಿಸಿಕೊಳ್ಳಲು ಎಳೆದಾಗ ಹಳೆಯ ಸೀಳು ಬಾಯಿಬಿಟ್ಟು, ಮೆತ್ತೆಯ ಚರ್ಮ ಸುಲಿದು ಜೋತಾಡಿತು. ಅಂಜನಮ್ಮ ಗಾಬರಿಯಲ್ಲಿ ರಸ್ತೆ ಕೆಲಸದವರ ಹತ್ತಿರ ಸೀಮೆಎಣ್ಣೆ ಬೇಡಿ, ಡಾಂಬರು ಬಿಡಿಸೋಣವೆಂದು ಕಾಲಿಗೆ ಸುರಿದಳು. ಹಸಿ ಗಾಯಕ್ಕೆ ಎಣ್ಣೆ ತಾಗಿದ್ದೇ ತಡ, ಕೆಂಚ ಅವಳ ಮುಂಗೈಗೆ ಬಾಯಿ ಹಾಕಿತು. ಕಚ್ಚಲಿಲ್ಲ. ಹಲ್ಲು ಊರಿ, ಹಾಗೇ ಹಿಡಿದು, ಅವಳ ಮುಖ ನೋಡಿತು.

ಅಂಜನಮ್ಮ ಹೊರೆ ಬಿಚ್ಚಿ, ಅರ್ಧ ಹುಲ್ಲನ್ನು ರಸ್ತೆಬದಿಗೆ ಚೆಲ್ಲಿ, ಉಳಿದರ್ಧದ ನಡುವೆ ನಾಯಿಯನ್ನು ಮಲಗಿಸಿಕೊಂಡು, ತಲೆಯ ಮೇಲೆ ಹೊತ್ತೇ ಟೋಲ್‌ಗೇಟ್ ಮುಟ್ಟಿದಳು. ಸ್ಟ್ಯಾಂಡಿನಲ್ಲಿದ್ದ, ಜಟಕಾ ಹೊಡೆಯುವ ಗೌಸ್ ಸಾಬಿ, ಅವಳ ಹುಲ್ಲಿನ ಹಳೆಯ ಗಿರಾಕಿ, ಹೊರೆ ಇಳಿಸಲು ಕೈ ಕೊಟ್ಟು ಬೆಚ್ಚಿಬಿದ್ದ.

“ಅರೆ ಅಲ್ಲಾ! ಏನಮ್ಮಾ ಇದು?”

“ದನದ ಆಸ್ಪತ್ರೆಗೆ ಹೊಡಿ ಸಾಬಿ. ಬೇಗ ಹೊಡಿ.”

ಆಸ್ಪತ್ರೆಯಲ್ಲಿದ್ದ ಡಾಕ್ಟರು ಗುರುಬಸಪ್ಪ, ರಾಜ್ಯ ಒಂದಾದ ಮೇಲೆ ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದವರು. ಕೆಂಚನ ಬಾಯಿಗೆ ಪಟ್ಟಿ ಕಟ್ಟಿ, ಕಾಲು ತಿರುವಿ ನೋಡಿದರು.

“ಇದು ಇವತ್ತಿನ ಗಾಯ ಅಲ್ಲಬೇ ಯವ್ವಾ. ಭಾಳ ಸಲ ಹರದೈತಿ. ಏನ್ ಹಚ್ತಿದ್ರಿ?”

“ಹರಳೆಣ್ಣೆ ಸ್ವಾಮಿ. ದಿನಾ ತಪ್ಪದೆ ತಿಕ್ತಿದ್ದೆ.”

“ಅಂಗಾಲು ಅಂದ್ರ ನಾಯಿಗೆ ಅದಽ ಚಪ್ಪಲಿ. ದಿನಾ ಎಣ್ಣಿ ಕುಡಿಸಿ ಮೆತ್ತಗ ಮಾಡಿ, ಜಲ್ಲಿ ಮ್ಯಾಲ ಓಡಿಸಿದ್ರ ಹರೀದಽ ಇರತೈತೇನು?”

ಅಂಜನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಪ್ರೀತಿಯಿಂದ ತಿಕ್ಕಿದ ಎಣ್ಣೆಯೂ ಹೀಗೆ ಮಾಡಿತೇ ಎಂದುಕೊಂಡು ಕೆಂಚನ ತಲೆ ಸವರಿದಳು.

ಡಾಕ್ಟರು ಮೊದಲು ಬೆರಳುಗಳ ಸುತ್ತ ಮೆತ್ತಿದ್ದ ಡಾಂಬರಿಗೆ ಕಡಲೆಕಾಯಿ ಎಣ್ಣೆ ಸವರಿ, ಅದು ಮೆತ್ತಗಾದ ಮೇಲೆ ಬಟ್ಟೆಯಲ್ಲಿ ಒರೆಸಿ ತೆಗೆದರು. ಸೀಮೆಎಣ್ಣೆಯನ್ನು ಇನ್ನೆಂದೂ ಹತ್ತಿರ ತರಬೇಡಿ ಎಂದರು. ಸಾಬೂನಿನ ನೀರಲ್ಲಿ ತೊಳೆದು, ಕಾಯಿಸಿ ಆರಿಸಿದ ಉಪ್ಪುನೀರು ಹಾಯಿಸಿ, ಸೀಳಿನೊಳಗೆ ಕೂತಿದ್ದ ಒಂದು ಜಲ್ಲಿ ಚೂರನ್ನು ಚಿಮುಟದಿಂದ ಎತ್ತಿದರು. ಸತ್ತು ಜೋತಾಡುತ್ತಿದ್ದ ಚರ್ಮವನ್ನಷ್ಟೇ ಕತ್ತರಿಸಿ, ಮುಲಾಮು ಹಚ್ಚಿ, ಬೆರಳುಸಂದಿಗೆ ಹತ್ತಿ ಇಟ್ಟು ಪಟ್ಟಿ ಸುತ್ತಿದರು.

“ಭಾಳ ಬಿಗಿ ಕಟ್ಟಬ್ಯಾಡ್ರಿ, ಬೆರಳಿಗೆ ಬಾವು ಬರತೈತಿ. ದಿನಾ ಬಿಚ್ಚಿ ನೋಡ್ರಿ. ಹಸಿ ಆದ್ರ ಆಗಿಂದಾಗಽ ಬದಲು ಮಾಡ್ರಿ, ನೆಕ್ಕಾಕ ಬಿಡಬ್ಯಾಡ್ರಿ. ಕೀವು ಬಂದ್ರ, ನಾತ ಹೊಡದ್ರ ಇಲ್ಲಿಗೇ ಬರ್ರಿ. ಮ್ಯಾಲ ತೊಗಲು ಕೂಡಿದಂಗ ಕಾಣತೈತಿ, ಒಳಗ ಇನ್ನೂ ಹಸಿ ಇರತೈತಿ. ನೀವು ಮ್ಯಾಲಿಂದು ನೋಡಿ ಬಿಡ್ತೀರಿ, ಅಲ್ಲೇ ತಪ್ಪಾಗೋದು. ನಾ ಹೇಳೂತನಕ ಇದು ಕೂತಿರಬೇಕು.”

“ಅದು ಕೂರಲ್ಲ ಸ್ವಾಮಿ.”

“ನೀವು ಕೂತ್ರ ಅದೂ ಕೂಡತೈತಿ” ಎಂದು ಡಾಕ್ಟರು ಕೈ ತೊಳೆಯಲು ಹೋದರು.

ಮನೆಯಲ್ಲಿ ಕೂರುವುದೆಂದರೆ ಅಂಜನಮ್ಮನಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಜಗುಲಿಗೆ ಬರುವಳು, ಹಿತ್ತಲಿಗೆ ಹೋಗುವಳು. ಅವಳು ಎದ್ದರೆ ಕೆಂಚನೂ ಮೂರು ಕಾಲಲ್ಲಿ ಏಳುತ್ತಿತ್ತು. “ಕೂತ್ಕೊಳೋ ಮುಂಡೇದೆ” ಎಂದು ಗದರಿ ತಾನೂ ಕೂರುವಳು. ಸೊಸೆಯ ಸಾರಿಗೆ ಉಪ್ಪು ಹೆಚ್ಚು, ಒಲೆಗೆ ಸೌದೆ ಹೆಚ್ಚು, ಪೊರಕೆ ಇಟ್ಟ ಜಾಗ ತಪ್ಪು. ಟೋಲ್‌ಗೇಟಿನಲ್ಲಿ ಪಕ್ಕದೂರು ಉಲ್ಲಾಳದ ಪಾಪಮ್ಮ ಹುಲ್ಲು ಇಳಿಸುತ್ತಿದ್ದಾಳೆಂದು ವಾರದ ಮೇಲೆ ಒಂದು ಸಂಜೆ ಮಗ ಸುದ್ದಿ ತಂದಾಗ ಅವಳಿಗೆ ಅನ್ನ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿ ನೋಡಿದಳು. ಗಾಯದ ಮೇಲೆ ತೆಳ್ಳಗೆ, ನಸುಗೆಂಪು ಚರ್ಮ ಬಂದಿತ್ತು. ಡಾಕ್ಟರ ಮಾತು ನೆನಪಿರಲಿಲ್ಲ ಎಂದಲ್ಲ. ಕೆರೆ ಏರಿಯವರೆಗೆ ತಾನೆ, ಮಣ್ಣಿನ ದಾರಿ ತಾನೆ ಎಂದು ತನಗೆ ತಾನೇ ಹೇಳಿಕೊಂಡು ಕುಡುಗೋಲು ಎತ್ತಿದಳು. ಕೆಂಚ ಮುಂದೆ ಹಾರಿತು. ಏರಿಯ ಮೇಲೆ ಒಂದು ಕೊಕ್ಕರೆಯ ಬೆನ್ನು ಹತ್ತಿ ಹೋಗಿ ಮರಳಿದಾಗ ಒಣಮಣ್ಣಿನ ಮೇಲೆ ರಕ್ತದ ಬೊಟ್ಟುಗಳು ಸಾಲಾಗಿ ಬಿದ್ದಿದ್ದವು.

ಅಂಜನಮ್ಮ ಕುಡುಗೋಲನ್ನು ಹುಲ್ಲಿಗೆ ಎಸೆದು, ಕೆಂಚನ ಕಾಲಿಗೆ ಸೆರಗು ಒತ್ತಿ ಹಿಡಿದು ಅಲ್ಲೇ ಕೂತಳು. ಎಷ್ಟೋ ಹೊತ್ತು ಎದ್ದೇಳಲಿಲ್ಲ. ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ, ನಾಯಿಯನ್ನು ಎತ್ತಿಕೊಂಡು ಮನೆಗೆ ಬಂದಾಗ ಮುನಿತಾಯಮ್ಮ ನೀರು ಕಾಯಲಿಟ್ಟಳು. ಇಬ್ಬರೂ ಸೇರಿ ಕಾಲು ತೊಳೆದರು.

“ನೀನೇ ಇಟ್ಕೊ” ಎಂದು ಅಂಜನಮ್ಮ ಕುಡುಗೋಲನ್ನು ಸೊಸೆಯ ಕೈಗೆ ಕೊಟ್ಟಳು. “ನಾನು ಕೇಳಿದ್ರೂ ಕೊಡ್ಬೇಡ.”

ಆಮೇಲಿನ ದಿನಗಳಲ್ಲಿ ಅತ್ತೆ ಸೊಸೆ ನಡುಮನೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸಿದರು. ಕೆಂಚ ಮಧ್ಯದಲ್ಲಿ ಮಲಗಿರುತ್ತಿತ್ತು. ಅಂಜನಮ್ಮನ ಕಾಲ ಬೆರಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಒಂದು ಮಧ್ಯಾಹ್ನ ಮುನಿತಾಯಮ್ಮ ಕೇಳಿದಳು, “ಮಾವ ಇಲ್ಲೇನಾ ಮಲಗ್ತಿದ್ದಿದ್ದು?”

“ಆ ಕಂಬದ ಹತ್ರ. ಆ ಗೋಡೆ ಕಡೆಗೇ ಮುಖ. ಮಗ್ಗಲು ತಿರುಗಿಸೋಕೆ ನಾನೊಬ್ಬಳೇ. ಮಾತು ನಿಂತ್‌ಹೋಗಿತ್ತು ಕಣಮ್ಮ. ಕಣ್ಣಲ್ಲಿ ಏನೋ ಕೇಳೋರು, ನಂಗೆ ತಿಳೀತಾನೇ ಇರ್ಲಿಲ್ಲ.”

ಇಷ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಹಗುರವಾಯಿತೇ ಎಂದರೆ ಇಲ್ಲ. ಎದ್ದು ಹಿತ್ತಲಿಗೆ ಹೋಗಿ, ಕಾರಣವಿಲ್ಲದೆ ಬಾವಿಯಿಂದ ಕೊಡಗಟ್ಟಲೆ ನೀರು ಸೇದಿದಳು. ಆದರೆ ಮತ್ತೆ ಬಂದು ಅದೇ ಜಾಗದಲ್ಲಿ ಕೂತಳು.

ಮುಂಗಾರು ಹತ್ತಿರವಾದಾಗ ಗುರುಬಸಪ್ಪನವರು ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕೆಂಚ ಕಾಲು ಎಳೆದುಕೊಳ್ಳಲಿಲ್ಲ. ಹೊಸ ಚರ್ಮ ಕಪ್ಪಾಗಿ ಗಡುಸಾಗಿತ್ತು. ಮೊದಲು ಹಿತ್ತಲು, ಆಮೇಲೆ ಕೆರೆ ಏರಿ, ಕಡೆಗೆ ದೂರದ ದಾರಿ, ಹೀಗೆ ಮೆಲ್ಲಗೆ ರೂಢಿ ಮಾಡಿಸಿ ಎಂದರು.

ಅಂಜನಮ್ಮ ದಾರಿಯನ್ನೇ ಬದಲಾಯಿಸಿದಳು. ಹೊಲಗಳ ನಡುವಿನ ಕಾಲುದಾರಿ ಸುತ್ತು, ಆದರೆ ಮಣ್ಣು. ರಸ್ತೆ ಹಿಡಿಯಲೇಬೇಕಾದ ಕಡೆ ಮೊದಲು ತನ್ನ ಅಂಗೈಯನ್ನು ಡಾಂಬರಿನ ಮೇಲಿಟ್ಟು ನೋಡುವಳು. ಕೈ ತಾಳದಿದ್ದರೆ ಬದಿಯ ಹುಲ್ಲಿನ ಮೇಲೆ ಹೋಗುವುದು, ಇಲ್ಲವೇ ನೆರಳಲ್ಲಿ ನಿಲ್ಲುವುದು. ಗೌಸ್ ಸಾಬಿ, ಲಾಳ ಕಟ್ಟುವವನ ಕೈಯಲ್ಲಿ ಕೆಂಚನ ಬೆಳೆದ ಉಗುರುಗಳ ತುದಿ ತೆಗೆಸಿಕೊಟ್ಟ. ಆದರೆ ಅಷ್ಟರಲ್ಲಿ ರೂಢಿಯಾಗಿದ್ದ ಪಾಪಮ್ಮನ ಹುಲ್ಲು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಅಂಜನಮ್ಮನ ಹೊರೆ ಇನ್ನೊಬ್ಬನ ಕುದುರೆಗೆ ಹೋಯಿತು. ಒಂದೆರಡು ದಿನ ಅವಳು ಸಾಬಿಯೊಡನೆ ಮಾತು ಬಿಟ್ಟು, ಆಮೇಲೆ ಮರೆತಳು.

ಅಂಗಾಲು ಮತ್ತೆ ಸೀಳಲಿಲ್ಲ. ಮುಳ್ಳು ಚುಚ್ಚಿದ್ದುಂಟು, ತರಚಿದ್ದುಂಟು. ಮನೆಗೆ ಬಂದ ಕೂಡಲೇ ನಾಲ್ಕೂ ಕಾಲು ತೊಳೆದು, ಒರೆಸಿ, ಬೆರಳುಸಂದಿ ಬಿಡಿಸಿ ನೋಡುವುದು ಅವಳಿಗೆ ಮುಖ ತೊಳೆದಷ್ಟೇ ಸಹಜವಾಯಿತು. ಮೂರು ಕಾಲು ನೋಡಿ ಮುಗಿಯುವಷ್ಟರಲ್ಲಿ ಕೆಂಚನಿಗೆ ತಾಳ್ಮೆ ತಪ್ಪುತ್ತಿತ್ತು. ನಾಲ್ಕನೆಯದನ್ನು ಅವಳ ಕೈಯಿಂದ ಕಿತ್ತುಕೊಂಡು ಬೀದಿಗೆ ಹಾರಿದರೆ, ಅಂಜನಮ್ಮ ಒದ್ದೆ ಬಟ್ಟೆ ಹಿಡಿದುಕೊಂಡೇ “ಲೋ ಕೆಂಚಾ, ನಿಂತ್ಕೊಳೋ!” ಎಂದು ಕೂಗುತ್ತ ಹಿಂದೆ ಓಡುತ್ತಿದ್ದಳು.