ಅವ್ವನ ಕೈಗೆ ತಕ್ಕ ಗುಳಿ

ಅಳಗುಳಿ ಮಣೆಯನ್ನು ಮನೆಯಲ್ಲೇ ಮಾಡಿದೆ. ಹದಿನಾಲ್ಕು ಗುಳಿಗಳ ಆಳ ಅಗಲಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದೆಂದು ಮೂರು ಭಾನುವಾರ ಸ್ಕೇಲು ಹಿಡಿದು ಕೂತಿದ್ದೆ. ಸಂಧಿವಾತದಿಂದ ಬೆರಳು ಸೆಟೆದ ಮೇಲೆ ಅವ್ವ ಈ ಆಟವನ್ನೇ ಬಿಟ್ಟಿದ್ದಳು. ಹೊಸ ಮಣೆ ಕಂಡರೆ ಮತ್ತೆ ಆಡಲು ಕೂರುತ್ತಾಳೆಂಬ ಆಸೆ ನನ್ನದು.

ಪಾಲಿಶ್ ಮಾಡಿಸಲು ಗಂಗಾವತಿಯ ಬಡಗಿ ಮೌಲಾಸಾಬರ ಅಂಗಡಿಗೆ ಒಯ್ದೆ. ಅವರು ಮಣೆಯನ್ನು ತಿರುವಿ ನೋಡಿ, "ಕೆಲಸ ಭಾಳ ಛಲೋ ಐತ್ರಿ ಸರ್. ಆಡೋರು ಯಾರು?" ಎಂದರು. ಅವ್ವನ ಬೆರಳಿನ ಸಂಗತಿ ಹೇಳಿದೆ.

ಅವರು ಗುಳಿಗಳಿಗೆ ಹುಣಸೆಬೀಜ ಹಾಕಿ, "ಅವರ ಬೆರಳು ಹೆಂಗ ಅದಾವೋ ಹಂಗ ಹಿಡೀರಿ. ಈಗ ಬೀಜ ತಗೀರಿ ನೋಡೂಣು."

ಬೀದಿಯವರೆಲ್ಲ ನೋಡುತ್ತಿರುವಾಗ ಬೆರಳು ಸೆಟೆಸಿಕೊಂಡು ಹುಣಸೆಬೀಜಕ್ಕೆ ತಡಕಾಡಿದೆ. ಒಂದೂ ಬರಲಿಲ್ಲ. ನನ್ನ ಗುಳಿಗಳ ಗೋಡೆ ಬಾವಿಯಂತೆ ನೆಟ್ಟಗಿತ್ತು.

"ಅಳತಿ ತಪ್ಪಿಲ್ರಿ. ಆದ್ರ ಆಡೋ ಕೈನ ಕೇಳದ ಮಾಡೀರಿ," ಎಂದು ನಕ್ಕು, ಉಳಿ ಹಿಡಿದು ಪ್ರತಿ ಗುಳಿಯ ಒಂದು ಬದಿಯನ್ನು ಇಳಿಜಾರು ಮಾಡತೊಡಗಿದರು. ಸ್ಕೇಲು ಮುಟ್ಟಲೇ ಇಲ್ಲ. ಒಂದೊಂದು ಗುಳಿ ಮುಗಿದಾಗಲೂ "ಅವ್ವಾರ ಕೈ ತರ್ರಿ" ಎನ್ನುವರು. ನಾನು ಸೆಟೆದ ಬೆರಳು ಚಾಚುವೆ. ಹದಿನಾಲ್ಕರಲ್ಲೂ ಬೀಜಗಳು ಸರಾಗವಾಗಿ ಜಾರಿ ಅಂಗೈಗೆ ಬಂದವು. ಯಾರ ಕೆಲಸದಲ್ಲೂ ಹುಳುಕು ಹುಡುಕುವ ನಾನು ಆ ಇಳಿಜಾರುಗಳನ್ನು ಅಳೆದು ನೋಡಲೂ ಹೋಗಲಿಲ್ಲ.

ಈಗ ಅವ್ವ ದಿನಾ ಆಡುತ್ತಾಳೆ, ಗೆಲ್ಲುತ್ತಾಳೆ. ಕೆಲವೊಮ್ಮೆ ನನ್ನ ಗುಳಿಯ ಬೀಜಗಳೂ ಅವಳ ಕಡೆ ಸರಿದಿರುತ್ತವೆ. ನಿಯಮ ಮುರಿದವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಈ ತಪ್ಪನ್ನು ಮಾತ್ರ ಮೌಲಾಸಾಬರ ಇಳಿಜಾರಿನ ತಲೆಗೆ ಕಟ್ಟಿದ್ದೇನೆ.